ಕಾರವಾರದಿಂದ ನೇರ ಉತ್ತರಕ್ಕೆ: ಮುರ್ಗಾಬ್ ಜಿಲ್ಲೆಯ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಪಾಮಿರ್ ಹೆದ್ದಾರಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕಿರ್ಗಿಸ್ತಾನದ ಓಶ್ ನಗರದಿಂದ ಹೊರಟು, ತಜಿಕಿಸ್ತಾನದ ಮುರ್ಗಾಬ್ ಜಿಲ್ಲೆಯನ್ನು ಉದ್ದಕ್ಕೂ ಹಾದು, ಖೊರೋಗ್ ಊರಿಗೆ ಇಳಿಯುವ ರಸ್ತೆ ಅದು. ಅಷ್ಟಕ್ಕೇ ಬೆಂಗಳೂರಿನ ಮೂಲೆಮೂಲೆಯಿಂದ ಪತ್ರಗಳು ಬಂದಿವೆ. ರಸ್ತೆ ಬಗ್ಗೆ ಕೇಳಿದವರು ಕಮ್ಮಿ. 'ಅಂಥ ಜಾಗದಲ್ಲಿ ಜನ ಎಲ್ಲಿರುತ್ತಾರೆ ಸ್ವಾಮಿ' ಅಂತ ಕೇಳಿದವರೇ ಜಾಸ್ತಿ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಮುರ್ಗಾಬಿಗೆ.

ಪ್ರಶ್ನೆ (ಬನಶಂಕರಿ 2ನೇ ಹಂತದಿಂದ): ಮೊಬೈಲ್ ಮ್ಯಾಪಿನಲ್ಲಿ ಕಾಶ್ಮೀರದ ಮೇಲುಗಡೆ ಸುಮ್ನೆ ನೋಡ್ತಾ ಹೋದೆ. ದೊಡ್ಡ ಖಾಲಿ ಜಾಗ, ಒಂದೇ ಒಂದು ರಸ್ತೆ, ಮಧ್ಯದಲ್ಲಿ ಮುರ್ಗಾಬ್ ಅಂತ ಹೆಸರು. ಇದು ಎಷ್ಟು ದೊಡ್ಡದು, ನಮ್ಮಿಂದ ಎಷ್ಟು ದೂರ?

ಉತ್ತರ: ದೂರ ಕೇಳಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಬೆಂಗಳೂರಿನಿಂದ ನೇರ ಗೆರೆ ಎಳೆದರೆ ಸುಮಾರು 2,800 ಕಿಲೋಮೀಟರ್, ಅಷ್ಟೇ. ಕಾರವಾರದ ಕಡಲ ತೀರದಲ್ಲಿ ನಿಂತು ನೇರ ಉತ್ತರಕ್ಕೆ ಹೊರಟರೆ, ಎಡಕ್ಕೂ ಬಲಕ್ಕೂ ಹೆಚ್ಚು ತಿರುಗದೆ ಹೋದರೆ, ಕೊನೆಗೆ ಮುರ್ಗಾಬ್ ಪೇಟೆಯ ಹತ್ತಿರವೇ ತಲುಪುತ್ತೀರಿ. ಎರಡೂ ಹೆಚ್ಚುಕಮ್ಮಿ 74 ಡಿಗ್ರಿ ರೇಖಾಂಶದ ಮೇಲೇ ಇವೆ. ಆದರೆ ಹಾಗೆ ಹೋಗೋಕೆ ಯಾರೂ ಬಿಡುವುದಿಲ್ಲ ಅನ್ನೋದು ಬೇರೆ ಮಾತು.

ವಿಸ್ತೀರ್ಣ ಸುಮಾರು 38 ಸಾವಿರ ಚದರ ಕಿಲೋಮೀಟರ್. ಅಂದರೆ ಕೇರಳ ರಾಜ್ಯ ಎಷ್ಟಿದೆಯೋ ಹತ್ತಿರ ಹತ್ತಿರ ಅಷ್ಟು. ಕೇರಳದಲ್ಲಿ 2011ರ ಜನಗಣತಿ ಪ್ರಕಾರ 3.34 ಕೋಟಿ ಜನ. ಮುರ್ಗಾಬ್ ಜಿಲ್ಲೆಯಲ್ಲಿ 15 ಸಾವಿರದ ಆಸುಪಾಸು! ಎರಡೂವರೆ ಚದರ ಕಿಲೋಮೀಟರಿಗೆ ಒಬ್ಬರು ಬಂತು. ಬೆಂಗಳೂರಿನ ಎಷ್ಟೋ ವಾರ್ಡುಗಳು ಆ ಎರಡೂವರೆ ಚದರ ಕಿಲೋಮೀಟರಿಗಿಂತ ಚಿಕ್ಕವು. ಅದರಲ್ಲೂ ಹೆಚ್ಚುಕಮ್ಮಿ ಅರ್ಧ ಜನ ಮುರ್ಗಾಬ್ ಪೇಟೆ ಒಂದರಲ್ಲೇ ಇದ್ದಾರೆ, ಹಾಗಾಗಿ ಉಳಿದ ಜಾಗ ಎಷ್ಟು ಬಯಲು ಅಂತ ನೀವೇ ಲೆಕ್ಕ ಹಾಕಿ.

ತಜಿಕಿಸ್ತಾನದ ಅತಿ ದೊಡ್ಡ ಜಿಲ್ಲೆ ಇದು. ಗೋರ್ನೋ-ಬದಖ್‌ಶಾನ್ ಎಂಬ ಸ್ವಾಯತ್ತ ಪ್ರಾಂತ್ಯದ ಪೂರ್ವ ಭಾಗ. ಉತ್ತರಕ್ಕೆ ಕಿರ್ಗಿಸ್ತಾನ, ಪೂರ್ವಕ್ಕೆ ಚೀನಾ, ದಕ್ಷಿಣಕ್ಕೆ ಅಫ್ಘಾನಿಸ್ತಾನದ ವಾಖಾನ್ ಪಟ್ಟಿ. ಆ ಪಟ್ಟಿ ಕೆಲವು ಕಡೆ 15 ಕಿಲೋಮೀಟರಿನಷ್ಟೇ ಅಗಲ. ದಾಟಿದರೆ ಗಿಲ್ಗಿಟ್ ಸೀಮೆ. ಒಂದು ಎಚ್ಚರಿಕೆ: ಮ್ಯಾಪಿನಲ್ಲಿ ಹುಡುಕುವಾಗ ಅಫ್ಘಾನಿಸ್ತಾನದಿಂದ ತುರ್ಕಮೆನಿಸ್ತಾನಕ್ಕೆ ಹರಿಯುವ ಇನ್ನೊಂದು ಮುರ್ಗಾಬ್ ನದಿಯೂ ಸಿಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ (ಜಯನಗರದ ಕಾಲೇಜು ವಿದ್ಯಾರ್ಥಿನಿ): ಪಾಮಿರ್ ಅಂದರೆ ಹಿಮದ ಬೆಟ್ಟ ಅಂತ ಓದಿದ್ದೇವೆ. ಫೋಟೋಗಳಲ್ಲಿ ನೋಡಿದರೆ ಕಂದು ಬಣ್ಣದ ಮರುಭೂಮಿ. ಯಾವುದು ನಿಜ?

ಉತ್ತರ: ಎರಡೂ. ಪಾಮಿರ್ ಒಂದೇ ಥರ ಇಲ್ಲ. ಪಶ್ಚಿಮದ ಅರ್ಧದಲ್ಲಿ ಕಡಿದಾದ ಕಣಿವೆಗಳು, ಭಾರಿ ಹಿಮನದಿಗಳು. 77 ಕಿಲೋಮೀಟರ್ ಉದ್ದದ ಫೆದ್‌ಚೆಂಕೋ ಹಿಮನದಿ ಇರುವುದು ಆ ಕಡೆ. ಮುರ್ಗಾಬ್ ಇರುವುದು ಪೂರ್ವದ ಅರ್ಧದಲ್ಲಿ. ಅಲ್ಲಿ ಕಣಿವೆಯ ತಳವೇ 3,600 ಮೀಟರಿನಿಂದ 4,000 ಮೀಟರ್ ಮೇಲೆ ಇದೆ, ಅಗಲವಾಗಿ, ಚಪ್ಪಟೆಯಾಗಿ ಹರಡಿಕೊಂಡಿದೆ. ಸುತ್ತಲಿನ ಶಿಖರಗಳು ಐದು ಸಾವಿರ, ಐದೂವರೆ ಸಾವಿರ ಮೀಟರ್ ಇದ್ದರೂ, ನಿಂತ ನೆಲವೇ ಅಷ್ಟು ಎತ್ತರ ಆದ್ದರಿಂದ ಗುಡ್ಡದ ಹಾಗೆ ಕಾಣುತ್ತವೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅನ್ನೋದು ನೆನಪಿರಲಿ.

ಮಳೆ ವಿಷಯಕ್ಕೆ ಬಂದರೆ ಆಗುಂಬೆ ಮತ್ತು ಚಳ್ಳಕೆರೆಯ ಕಥೆಯೇ. ಪಶ್ಚಿಮದಿಂದ ಬರುವ ತೇವದ ಗಾಳಿ ಪಶ್ಚಿಮ ಪಾಮಿರಿನ ಬೆಟ್ಟಗಳಿಗೆ ಹಿಮ ಸುರಿದು ಖಾಲಿಯಾಗಿ ಈ ಕಡೆ ಬರುತ್ತದೆ. ದಕ್ಷಿಣದಿಂದ ನಮ್ಮ ಮುಂಗಾರು ಹೋಗಬೇಕೆಂದರೆ ಹಿಮಾಲಯ, ಕಾರಾಕೋರಂ, ಹಿಂದೂಕುಶ್ ಮೂರೂ ಅಡ್ಡ. ಹಾಗಾಗಿ ಮುರ್ಗಾಬ್ ಪೇಟೆಯಲ್ಲಿ ಮಳೆ ಹಿಮ ಎಲ್ಲ ಸೇರಿ ವರ್ಷಕ್ಕೆ 100 ಮಿಲಿಮೀಟರೂ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಒಂದು ಸಂಜೆ ಜೋರು ಮಳೆ ಬಂದು ಅಂಡರ್‌ಪಾಸ್ ತುಂಬಿತು ಅಂತ ಟೀವಿಯಲ್ಲಿ ತೋರಿಸುತ್ತಾರಲ್ಲ, ಅಂಥ ಎರಡು ಸಂಜೆ ಸಾಕು, ಅವರ ಇಡೀ ವರ್ಷದ ಕೋಟಾ ಮುಗಿಯುತ್ತದೆ.

ಇದರಲ್ಲಿ ಒಂದು ಅನುಕೂಲವೂ ಇದೆ, ಅದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಹಿಮ ಕಮ್ಮಿ ಬೀಳುವುದರಿಂದ ಚಳಿಗಾಲದಲ್ಲೂ ಹುಲ್ಲು ಪೂರ್ತಿ ಮುಚ್ಚಿಹೋಗುವುದಿಲ್ಲ. ಮೈನಸ್ 30 ಡಿಗ್ರಿಯಲ್ಲೂ ಯಾಕ್ ದನಗಳು ಬಯಲಲ್ಲಿ ಮೇಯುತ್ತವೆ. ಅಲ್ಲಿ ಜನ ಇದ್ದಾರೆ ಅಂದರೆ ಮುಖ್ಯ ಕಾರಣ ಇದೇ. ಹೆಚ್ಚು ಹಿಮ ಬೀಳುವ ಜಾಗ ಆಗಿದ್ದರೆ, ಒಣಹುಲ್ಲು ಕೂಡಿಡೋಕೆ ಹೊಲವೂ ಇಲ್ಲದ ಆ ಎತ್ತರದಲ್ಲಿ ಯಾರೂ ಹಿಂಡು ಸಾಕುತ್ತಿರಲಿಲ್ಲ.

ಪ್ರಶ್ನೆ (ಯಲಹಂಕ ಉಪನಗರದಿಂದ): ನಮ್ಮಲ್ಲಿ ಕೆರೆ ಇದ್ದ ಕಡೆ ಊರು. ಅಲ್ಲಿ ಊರುಗಳು ಯಾವ ಲೆಕ್ಕದ ಮೇಲೆ ಹುಟ್ಟಿವೆ? ಕೆಲವು ಹಳ್ಳಿಗಳ ಹೆಸರು ಹೇಳಿ, ಎಲ್ಲೆಲ್ಲಿವೆ ಅಂತ ವಿವರಿಸಿ.

ಉತ್ತರ: ಒಳ್ಳೆ ಪ್ರಶ್ನೆ. ಬಂದ ಪತ್ರಗಳಲ್ಲಿ ಇದೇ ಮುಖ್ಯವಾದದ್ದು, ಹಾಗಾಗಿ ಉತ್ತರ ಸ್ವಲ್ಪ ಉದ್ದ.

ಉತ್ತರದಿಂದ ರಸ್ತೆ ಹಿಡಿದು ಬನ್ನಿ. ಕಿರ್ಗಿಸ್ತಾನದ ಗಡಿಯಲ್ಲಿ ಸುಮಾರು 4,280 ಮೀಟರ್ ಎತ್ತರದ ಕಿಜಿಲ್-ಆರ್ಟ್ ಘಾಟಿ. ಇಳಿದರೆ ಕರಾಕುಲ್ ಸರೋವರ. ಉಪ್ಪು ನೀರು, ಹೊರಗೆ ಹರಿದು ಹೋಗೋಕೆ ದಾರಿಯೇ ಇಲ್ಲ, 380 ಚದರ ಕಿಲೋಮೀಟರ್ ವಿಸ್ತಾರ, ಸಮುದ್ರ ಮಟ್ಟದಿಂದ 3,900 ಮೀಟರಿಗೂ ಮೇಲೆ. ಬಹಳ ಹಿಂದೆ ಉಲ್ಕೆ ಅಪ್ಪಳಿಸಿ ಆದ ಗುಂಡಿಯಲ್ಲಿ ಈ ಸರೋವರ ಇದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಅದರ ಪೂರ್ವ ದಡದಲ್ಲಿ ಕರಾಕುಲ್ ಎಂಬ ಹಳ್ಳಿ. ಇಷ್ಟು ನೀರು ಎದುರಿಗೇ ಇದ್ದರೂ ಒಂದು ಹೊಲ ಇಲ್ಲ, ಒಂದು ಮರ ಇಲ್ಲ. ಕೆರೆ ಇದ್ದ ಕಡೆ ಊರು ಅನ್ನೋ ನಮ್ಮ ಲೆಕ್ಕ ಇಲ್ಲಿಗೇ ಮುರಿದುಬೀಳುತ್ತದೆ.

ಅಲ್ಲಿಂದ ಮುಂದೆ ಹೆದ್ದಾರಿಯ ಅತಿ ಎತ್ತರದ ಜಾಗ, 4,655 ಮೀಟರಿನ ಅಕ್‌ಬೈತಾಲ್ ಘಾಟಿ. ಅದನ್ನು ಇಳಿದರೆ ಮುರ್ಗಾಬ್ ಪೇಟೆ, ಸುಮಾರು 3,600 ಮೀಟರ್. ಪೇಟೆಗೆ ಬರುವ ಮೊದಲೇ ಎಡಕ್ಕೆ, ಚೀನಾ ಗಡಿಯ ಕಡೆ ಹೊರಳಿದರೆ ರಂಗ್‌ಕುಲ್ ಹಳ್ಳಿ. ಪೇಟೆಯಿಂದ ದಕ್ಷಿಣ ಪೂರ್ವಕ್ಕೆ ಅಕ್ಸು ನದಿಯ ಪಕ್ಕದಲ್ಲೇ ಹೋದರೆ ತೊಖ್ತಮಿಶ್, ಇನ್ನೂ ಮುಂದೆ ಹೋದರೆ ಮೂರು ದೇಶ ಸೇರುವ ಮೂಲೆಗೆ ಹತ್ತಿರವಾಗಿ ಶೈಮಾಕ್. ಪೇಟೆಯಿಂದ ಪಶ್ಚಿಮಕ್ಕೆ, ಖೊರೋಗ್ ಕಡೆ ಹೋಗುವ ಹೆದ್ದಾರಿಯ ಮೇಲೆ ಅಲಿಚುರ್. ಅದರ ದಕ್ಷಿಣಕ್ಕೆ ಬಾಶ್-ಗುಂಬೆಜ್. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಯಶಿಲ್‌ಕುಲ್ ಸರೋವರದ ಹತ್ತಿರ ಬುಲುನ್‌ಕುಲ್ ಅನ್ನೋ ಪುಟ್ಟ ಹಳ್ಳಿ, ಮೈನಸ್ 63 ಡಿಗ್ರಿ ದಾಖಲಾಗಿದೆ ಅಂತ ಹೇಳಿಕೊಳ್ಳುವ ಊರು. ದೊಡ್ಡ ಹೆಸರುಗಳು ಹೆಚ್ಚುಕಮ್ಮಿ ಇಷ್ಟೇ. ಕೇರಳದಷ್ಟು ಜಾಗಕ್ಕೆ!

ಈಗ, ಇವು ಇಲ್ಲಿಯೇ ಯಾಕೆ? ಅಲ್ಲಿ ಬಹುಪಾಲು ಜನ ಕಿರ್ಗಿಜ್ ಪಶುಪಾಲಕರು. ಅವರ ಹಿರಿಯರಿಗೆ ಒಂದೇ ಕಡೆ ಊರು ಕಟ್ಟಿಕೊಂಡು ಕೂರುವ ಅಗತ್ಯವೇ ಇರಲಿಲ್ಲ. ಬೇಸಿಗೆಗೆ ಎತ್ತರದ ಹುಲ್ಲುಗಾವಲು, ಚಳಿಗಾಲಕ್ಕೆ ಗಾಳಿ ಬೀಸದ ತಗ್ಗು. ಇವತ್ತಿನ ಕಿರ್ಗಿಸ್ತಾನದ ಅಲಾಯ್ ಕಣಿವೆ, ವಾಖಾನ್, ಇವತ್ತಿನ ಚೀನಾದ ಕಡೆಯ ಸರಿಕೋಲ್, ಎಲ್ಲ ಕಡೆಗೂ ಓಡಾಟ ಇತ್ತು. ಮೊದಲು ಸೈನ್ಯದ ಠಾಣೆ ಬಂತು, ಅದು ಮುರ್ಗಾಬ್ ಪೇಟೆ ಆಯಿತು. ಆಮೇಲೆ 1931ರಿಂದ 1934ರ ಒಳಗೆ ಓಶ್‌ನಿಂದ ಖೊರೋಗ್‌ಗೆ ಮೋಟಾರು ರಸ್ತೆ ಬಂತು. ಅದೇ ಕಾಲದ ಆಸುಪಾಸಿನಲ್ಲಿ ಸೋವಿಯತ್ ಸರ್ಕಾರ ಹಿಂಡುಗಳನ್ನು ಸಾಮೂಹಿಕ ಫಾರಂಗಳಿಗೆ ಸೇರಿಸಿತು. ಫಾರಂ ಆಫೀಸು ಎಲ್ಲಿತ್ತೋ ಅಲ್ಲಿ ಶಾಲೆ, ಅಲ್ಲೇ ಆಸ್ಪತ್ರೆ, ಅಲ್ಲೇ ಅಂಗಡಿ. ಮಕ್ಕಳು ಓದಬೇಕು, ಮುದುಕರಿಗೆ ಪಿಂಚಣಿ ಸಿಗಬೇಕು ಅಂದರೆ ಮನೆ ಅಲ್ಲೇ ಆಗಬೇಕು. ಹಳ್ಳಿ ಆಯಿತು. ಇವತ್ತಿಗೂ ಆಡಳಿತದ ಘಟಕಗಳಾದ ಜಮಾಅತ್‌ಗಳು, ಅಂದರೆ ನಮ್ಮ ಪಂಚಾಯ್ತಿ ಥರದ್ದು, ಹಲವು ಇದೇ ಊರುಗಳ ಹೆಸರಲ್ಲಿ ನಡೆಯುತ್ತಿವೆ.

ನನ್ನ ಅಭಿಪ್ರಾಯ ಕೇಳಿದರೆ, ಮುರ್ಗಾಬಿನ ಭೂಪಟದಲ್ಲಿ ಕಾಣುವ ಚುಕ್ಕಿಗಳು ಸರ್ಕಾರಗಳು ಇಟ್ಟ ಚುಕ್ಕಿಗಳು. ಸೈನ್ಯಕ್ಕೆ, ಲಾರಿಗೆ, ಲೆಕ್ಕಪತ್ರಕ್ಕೆ ಎಲ್ಲಿ ಅನುಕೂಲವೋ ಅಲ್ಲಿ. ದನಕ್ಕೆ ಎಲ್ಲಿ ಅನುಕೂಲ ಅನ್ನೋ ಭೂಗೋಳ ಬೇರೆ, ಅದು ವರ್ಷವಿಡೀ ಸರಿದಾಡುತ್ತಾ ಇರುತ್ತದೆ. ಈ ಎರಡನ್ನೂ ಸೇರಿಸಿ ನೋಡದಿದ್ದರೆ ಆ ಜಿಲ್ಲೆ ಬರೀ ಖಾಲಿ ಜಾಗವಾಗಿ ಕಾಣುತ್ತದೆ.

ಇನ್ನೊಂದು ಮಾತು ಸೇರಿಸಬೇಕು. ಎಲ್ಲರೂ ಕಿರ್ಗಿಜರಲ್ಲ. ಪಶ್ಚಿಮದಿಂದ ಬಂದ ಪಾಮಿರಿ ಜನರೂ ಇದ್ದಾರೆ, ಶುಗ್ನಿಯಂಥ ಬೇರೆ ಭಾಷೆ ಅವರದು, ಬಹುಪಾಲು ಶಿಯಾಗಳಲ್ಲೇ ಒಂದು ಶಾಖೆಯಾದ ಇಸ್ಮಾಯಿಲಿ ಪಂಥ. ಕಿರ್ಗಿಜರು ಸುನ್ನಿಗಳು. ಮುರ್ಗಾಬ್ ಪೇಟೆಯಲ್ಲಿ ಇಬ್ಬರೂ ಒಟ್ಟಿಗಿದ್ದಾರೆ.

ಪ್ರಶ್ನೆ (ಮಲ್ಲೇಶ್ವರದ ನಿವೃತ್ತ ಇತಿಹಾಸ ಮೇಷ್ಟ್ರು): ಠಾಣೆ ಬಂತು ಅಂದರೆ ಯಾರ ಠಾಣೆ, ಯಾರ ಭಯಕ್ಕೆ? ಬ್ರಿಟಿಷರ ಕಾಲದ ಇಂಡಿಯಾಗೂ ಇದಕ್ಕೂ ನಂಟು ಇರಲೇಬೇಕಲ್ಲ?

ಉತ್ತರ: ಇದೆ ಮೇಷ್ಟ್ರೇ. ರಷ್ಯನ್ ಠಾಣೆ, ಬ್ರಿಟಿಷರ ಭಯಕ್ಕೆ. ಬ್ರಿಟಿಷರಿಗೂ ರಷ್ಯನ್ನರದ್ದೇ ಭಯ. ಪಾಮಿರ್ ದಾಟಿ ರಷ್ಯನ್ನರು ಕಾಶ್ಮೀರದ ತಲೆಯ ಮೇಲೆ ಬಂದು ಕೂತರೆ ಏನು ಗತಿ ಅಂತ ಕಲ್ಕತ್ತಾದಲ್ಲಿ ಚಿಂತೆ. 1891ರಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿ ಫ್ರಾನ್ಸಿಸ್ ಯಂಗ್‌ಹಸ್ಬೆಂಡ್ ವಾಖಾನಿನ ಬೋಜಾಯ್ ಗುಂಬಜ್‌ನಲ್ಲಿ ಡೇರೆ ಹಾಕಿದ್ದಾಗ ರಷ್ಯದ ಕರ್ನಲ್ ಯೋನೋವ್ ಬಂದು, ಇದು ನಮ್ಮ ನೆಲ, ಜಾಗ ಖಾಲಿ ಮಾಡಿ ಅಂದ. ಅದಕ್ಕಿಂತ ಮೊದಲು ಇಬ್ಬರೂ ಕೂತು ಊಟ ಮಾಡಿದ್ದರು ಅನ್ನೋದು ವಿಶೇಷ. 1892ರಲ್ಲಿ ಯಶಿಲ್‌ಕುಲ್ ಹತ್ತಿರದ ಸೋಮಾತಾಶ್‌ನಲ್ಲಿ ಅದೇ ಯೋನೋವನ ಕೊಸಾಕ್ ಎಂಬ ರಷ್ಯನ್ ಕುದುರೆ ಪಡೆಗೂ ಅಫ್ಘನ್ ಸೈನಿಕರಿಗೂ ಗುಂಡಿನ ಕಾಳಗ ಆಗಿ ಅಫ್ಘನ್ನರು ಸತ್ತರು. 1893ರಲ್ಲಿ ರಷ್ಯನ್ನರು ಪಾಮಿರ್‌ಸ್ಕಿ ಪೋಸ್ಟ್ ಎಂಬ ಕೋಟೆ ಠಾಣೆ ಕಟ್ಟಿದರು. ಇವತ್ತಿನ ಮುರ್ಗಾಬ್ ಪೇಟೆ ಅದೇ.

1895ರಲ್ಲಿ ಎರಡೂ ಕಡೆಯವರು ಕೂತು ಗಡಿ ಎಳೆದರು. ಜೋರ್‌ಕುಲ್ ಸರೋವರದಿಂದ ಪೂರ್ವಕ್ಕೆ ಚೀನಾದವರೆಗೆ ಕಲ್ಲು ನೆಟ್ಟರು. ಎರಡು ಸಾಮ್ರಾಜ್ಯಗಳ ಮೈ ಒಂದಕ್ಕೊಂದು ತಾಗಬಾರದು ಅಂತ ಮಧ್ಯೆ ವಾಖಾನ್ ಪಟ್ಟಿಯನ್ನು ಅಫ್ಘಾನಿಸ್ತಾನಕ್ಕೆ ಕೊಟ್ಟರು. ಅಫ್ಘನ್ ಅಮೀರನಿಗೆ ಅದೊಂದು ಬೇಡದ ಉಡುಗೊರೆ. ಅಲ್ಲಿ ಮೇಯಿಸುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಮೊದಮೊದಲು ಗಡಿ ಕಾಗದದ ಮೇಲಷ್ಟೇ ಇತ್ತು, ಹಿಂಡುಗಳು ದಾಟುತ್ತಿದ್ದವು. ಸೋವಿಯತ್ ಕಾಲದಲ್ಲಿ ಗಡಿ ನಿಜವಾಗಿಯೂ ಮುಚ್ಚಿತು, ಒಂದೇ ಕುಲದ ಜನ ಎರಡು ದೇಶಗಳಲ್ಲಿ ಸಿಕ್ಕಿಬಿದ್ದರು. ಅಫ್ಘನ್ ಕಡೆ ಉಳಿದವರಲ್ಲಿ ಒಂದು ದೊಡ್ಡ ಗುಂಪು 1978ರಲ್ಲಿ ರಹಮಾನ್ ಕುಲ್ ಎಂಬ ಮುಖಂಡನ ಹಿಂದೆ ಪಾಕಿಸ್ತಾನಕ್ಕೆ ಇಳಿದು, 1982ರಲ್ಲಿ ಟರ್ಕಿಯ ವಾನ್ ಪ್ರಾಂತ್ಯಕ್ಕೆ ಹೋಗಿ ನೆಲೆಸಿತು. ಉಳಿದವರು ಈಗಲೂ ಶೈಮಾಕ್‌ನ ಆಚೆ ಗುಡ್ಡದಲ್ಲೇ ಇದ್ದಾರೆ.

ಜನ ಅಲ್ಲಿ ಓಡಾಡಿದ್ದು ಈಚೆಗೆ ಅಂತ ಅಂದುಕೊಳ್ಳಬೇಡಿ. ಮುರ್ಗಾಬಿಗೆ ದೂರವಲ್ಲದ ಶಾಖ್ತಿ ಎಂಬ ಕಲ್ಲುಗುಹೆಯಲ್ಲಿ ಶಿಲಾಯುಗದ ಬೇಟೆಗಾರರು ಬಿಡಿಸಿದ ಕೆಂಪು ಚಿತ್ರಗಳಿವೆ. 1958ರಲ್ಲಿ ರಾನೋವ್ ಎಂಬ ಪುರಾತತ್ವಜ್ಞರು ಅದನ್ನು ಪತ್ತೆ ಮಾಡಿದರು. ಎತ್ತರ ಸುಮಾರು 4,200 ಮೀಟರ್.

ಪ್ರಶ್ನೆ (ವಿಜಯನಗರದ ಗೃಹಿಣಿ): ಮರವೇ ಇಲ್ಲ ಅಂದಮೇಲೆ ಒಲೆಗೆ ಏನು ಹಾಕುತ್ತಾರೆ? ತರಕಾರಿ ಸಿಗುತ್ತಾ? ನಮ್ಮ ಥರ ಅನ್ನ ಸಾರು ಮಾಡೋಕೆ ಆಗುತ್ತಾ?

ಉತ್ತರ: ಅಮ್ಮ, ಈ ಪ್ರಶ್ನೆಯನ್ನು ಭೂಗೋಳದ ತಜ್ಞರೂ ಮೊದಲು ಕೇಳಬೇಕಿತ್ತು. ಆ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಬೇಯುವುದೇ ಇಲ್ಲ ಅನ್ನಬಹುದು, ಕುಕ್ಕರ್ ಬೇಕೇಬೇಕು. ಬೆಳೆ ಬೆಳೆಯುವುದಿಲ್ಲ. ಹಿಟ್ಟು, ಅಕ್ಕಿ, ಆಲೂಗೆಡ್ಡೆ, ಈರುಳ್ಳಿ ಎಲ್ಲ ಕೆಳಗಿನಿಂದ ಲಾರಿಯಲ್ಲಿ ಬರಬೇಕು. ತಮ್ಮದು ಅಂತ ಇರುವುದು ಹಾಲು ಮತ್ತು ಮಾಂಸ. ಯಾಕ್ ಹಾಲಿನ ಗಟ್ಟಿ ಕೆನೆ, ಮೊಸರು, ಮೊಸರನ್ನು ಹಿಂಡಿ ಉಂಡೆ ಕಟ್ಟಿ ಒಣಗಿಸಿದ ಕುರುತ್. ಉಪ್ಪು ಹಾಕಿದ ಹಾಲಿನ ಚಹಾಕ್ಕೆ ಬೆಣ್ಣೆ ಹಾಕಿ, ರೊಟ್ಟಿ ಮುರಿದು ಹಾಕಿ ಬೆಳಗಿನ ತಿಂಡಿ ಮುಗಿಸುತ್ತಾರೆ. ಸಸ್ಯಾಹಾರಿಗಳಿಗೆ ಕಷ್ಟ. ಹಾಲು ಮೊಸರು ನಂಬಿಕೊಂಡರೆ ಮಾತ್ರ ನಡೆಯುತ್ತದೆ.

ಒಲೆಯ ವಿಷಯ ಇನ್ನೂ ಗಂಭೀರ. ಸೋವಿಯತ್ ಕಾಲದಲ್ಲಿ ಅಗ್ಗದ ದರದಲ್ಲಿ ಕಲ್ಲಿದ್ದಲು ಓಶ್ ಕಡೆಯಿಂದ ಲಾರಿಗಟ್ಟಲೆ ಬರುತ್ತಿತ್ತು. ಗಡಿ ಠಾಣೆಗಳಿರುವ ಸೀಮೆ, ಜನ ಅಲ್ಲಿ ನಿಲ್ಲಬೇಕು ಅಂತ ಮಾಸ್ಕೋ ಖರ್ಚು ನೋಡುತ್ತಿರಲಿಲ್ಲ. 1991ರಲ್ಲಿ ಆ ದೇಶವೇ ಹೋಯಿತು. 1992ರಿಂದ 1997ರವರೆಗೆ ತಜಿಕಿಸ್ತಾನದಲ್ಲಿ ಅಂತರ್ಯುದ್ಧ. ಕಲ್ಲಿದ್ದಲು ನಿಂತಿತು, ಡೀಸೆಲ್ ನಿಂತಿತು, ಫಾರಂಗಳು ಮುಚ್ಚಿ ದನ ಕುರಿಗಳು ಮನೆಗಳಿಗೆ ಹಂಚಿಹೋದವು. ಇಸ್ಮಾಯಿಲಿಗಳ ಧರ್ಮಗುರು ಆಗಾಖಾನರ ಸಂಸ್ಥೆಗಳ ನೆರವಿನ ಹಿಟ್ಟಿನಿಂದ ಪಾಮಿರಿನ ಜನ ಬದುಕಿಕೊಂಡರು. ಮನೆ ಬೆಚ್ಚಗಿಡೋಕೆ ಉಳಿದದ್ದು ಎರಡೇ, ಬೆರಣಿ ಮತ್ತು ತೆರೆಸ್ಕೆನ್.

ತೆರೆಸ್ಕೆನ್ ಅನ್ನೋದು ಮೊಣಕಾಲಿಗೂ ಬಾರದ ಒಂದು ಕುರುಚಲು ಗಿಡ. ಮೇಲೆ ಏನೂ ಕಾಣುವುದಿಲ್ಲ, ಬೇರು ಮಾತ್ರ ದಪ್ಪ, ಕಟ್ಟಿಗೆಯ ಹಾಗೆ ಉರಿಯುತ್ತದೆ. ಹಾಗಾಗಿ ಬೇರು ಸಮೇತ ಕಿತ್ತು ತರುತ್ತಾರೆ. ಇದು ಮತ್ತೆ ಬೆಳೆಯೋಕೆ ದಶಕಗಳೇ ಬೇಕು. ಚಳಿಗಾಲದಲ್ಲಿ ಯಾಕ್‌ಗೂ ಕುರಿಗೂ ಉದ್ದ ಕೊಂಬಿನ ಕಾಡು ಕುರಿಗೂ ಅದೇ ಮೇವು. ಒಲೆಗೆ ಹಾಕಿದರೆ ಮೇವು ಹೋಯಿತು. ಮೇವು ಹೋದರೆ ದನ ಕಮ್ಮಿ, ದನ ಕಮ್ಮಿಯಾದರೆ ಬೆರಣಿ ಕಮ್ಮಿ, ಬೆರಣಿ ಕಮ್ಮಿಯಾದರೆ ಇನ್ನಷ್ಟು ತೆರೆಸ್ಕೆನ್ ಕೀಳಬೇಕು. ಪೇಟೆಯ ಸುತ್ತ ದೂರದವರೆಗೆ ನೆಲ ಬೋಳಾಗಿದೆ. ಜನರನ್ನು ದೂರುವುದು ಸುಲಭ. ಆದರೆ ಏಳು ಸಾವಿರ ಜನ ಒಂದೇ ಕಡೆ ಒಲೆ ಹಚ್ಚುವ ಹಾಗೆ ಮಾಡಿದ್ದು ಪೇಟೆ ಎಂಬ ವ್ಯವಸ್ಥೆ. ಚದುರಿಕೊಂಡು ಇದ್ದಾಗ ಅಷ್ಟು ಗಿಡ ಅಷ್ಟು ಜನಕ್ಕೆ ಸಾಕಾಗುತ್ತಿತ್ತು. ಪೇಟೆಯಲ್ಲಿ ಕಲ್ಲಿದ್ದಲು ಇರುವವರೆಗೆ ಮಾತ್ರ ಈ ಲೆಕ್ಕ ಸರಿಹೋಗುತ್ತಿತ್ತು.

ಪ್ರಶ್ನೆ (ರಾಜಾಜಿನಗರದಿಂದ, ಒಂದೇ ಸಾಲು): ಅಲ್ಲಿ ಟೈಮ್ ನಮಗಿಂತ ಮುಂದೋ ಹಿಂದೋ?

ಉತ್ತರ: ಯಾರನ್ನು ಕೇಳುತ್ತೀರಿ ಅನ್ನೋದರ ಮೇಲೆ! ರಾಜಧಾನಿ ದುಶಾಂಬೆಯ ಅಧಿಕೃತ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಮುರ್ಗಾಬಿನ ಜನ ದಿನಬಳಕೆಗೆ ಇಟ್ಟುಕೊಳ್ಳುವುದು ಓಶ್ ಸಮಯ, ಅದು ನಮಗಿಂತ ಅರ್ಧ ಗಂಟೆ ಮುಂದೆ. ಬಜಾರಿನ ಸಾಮಾನು, ನೆಂಟರು, ಮಾತು ಎಲ್ಲ ಓಶ್ ಕಡೆಯದ್ದು, ಗಡಿಯಾರವೂ ಆ ಕಡೆಯದ್ದೇ. ಬಸ್ಸು ಜೀಪು ಹಿಡಿಯುವಾಗ ಯಾವ ಸಮಯ ಅಂತ ಕೇಳಿಕೊಳ್ಳದಿದ್ದರೆ ಗಾಡಿ ತಪ್ಪುತ್ತದೆ.

ಪ್ರಶ್ನೆ (ಕೆಂಗೇರಿಯ ಸಿವಿಲ್ ಎಂಜಿನಿಯರ್): ಜಗತ್ತಿನ ಅತಿ ಎತ್ತರದ ಸಹಜ ಅಣೆಕಟ್ಟು ಆ ಕಡೆ ಇದೆ ಅಂತ ಕೇಳಿದ್ದೇನೆ. ಅಣೆಕಟ್ಟಿನಿಂದ ಊರುಗಳಿಗೆ ಅಪಾಯ ಇಲ್ಲವೇ?

ಉತ್ತರ: ಅಣೆಕಟ್ಟು ಇದೆ. ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ, ರುಶಾನ್ ಜಿಲ್ಲೆಗೆ ತಾಗಿದ ಕಡೆ. ಅಫ್ಘಾನಿಸ್ತಾನದಲ್ಲಿ ಹುಟ್ಟಿ ಶೈಮಾಕ್ ಕಡೆಯಿಂದ ಬರುವ ಅಕ್ಸು ನದಿ ಮುರ್ಗಾಬ್ ಪೇಟೆಯ ಹತ್ತಿರ ಪಶ್ಚಿಮಕ್ಕೆ ತಿರುಗಿ ಮುರ್ಗಾಬ್ ನದಿ ಅನ್ನಿಸಿಕೊಳ್ಳುತ್ತದೆ. 1911ರ ಫೆಬ್ರವರಿಯಲ್ಲಿ ಭೂಕಂಪ ಆಗಿ ಒಂದು ಬೆಟ್ಟದ ಮಗ್ಗುಲು, ಸುಮಾರು 2 ಘನ ಕಿಲೋಮೀಟರಿನಷ್ಟು ಬಂಡೆ ಮಣ್ಣು, ಈ ನದಿಗೆ ಅಡ್ಡ ಬಿತ್ತು. ಉಸೋಯ್ ಎಂಬ ಹಳ್ಳಿ ಅಡಿಯಲ್ಲಿ ಹೂತುಹೋಯಿತು. ಹಿಂದೆ ನೀರು ಏರುತ್ತಾ ಬಂದು ಸರೇಜ್ ಎಂಬ ಇನ್ನೊಂದು ಹಳ್ಳಿ ಮುಳುಗಿತು. ಮುಳುಗಿದ ಊರಿನ ಹೆಸರೇ ಸರೋವರಕ್ಕೆ, ಹೂತ ಊರಿನ ಹೆಸರು ಅಣೆಕಟ್ಟಿಗೆ.

ಕಟ್ಟೆಯ ಎತ್ತರ 567 ಮೀಟರ್. ನಮ್ಮ ಕೆಆರ್‌ಎಸ್ ಕಟ್ಟೆ ಸುಮಾರು 40 ಮೀಟರ್. ಸರೇಜ್‌ನಲ್ಲಿ ನಿಂತಿರುವ ನೀರು ಸುಮಾರು 17 ಘನ ಕಿಲೋಮೀಟರ್, ಅಂದರೆ ಕೆಆರ್‌ಎಸ್ ಪೂರ್ತಿ ತುಂಬಿದಾಗಿನ ನೀರಿನ ಹನ್ನೆರಡರಷ್ಟು. ಗೇಟಿಲ್ಲ, ಕೋಡಿ ಇಲ್ಲ. ಬಂಡೆಗಳ ಸಂದಿಯಿಂದ ಸೆಕೆಂಡಿಗೆ ಸುಮಾರು 45 ಘನ ಮೀಟರ್, ನಮ್ಮ ಕಾವೇರಿ ಲೆಕ್ಕದಲ್ಲಿ 1,600 ಕ್ಯೂಸೆಕ್ ಹತ್ತಿರ, ಜಿನುಗಿ ಕೆಳಗೆ ಹೋಗುತ್ತದೆ. ಅದೇ ಅದನ್ನು ಕಾಪಾಡಿಕೊಂಡು ಬಂದಿರುವುದು. 2015ರ ಡಿಸೆಂಬರ್‌ನಲ್ಲಿ ಹತ್ತಿರದಲ್ಲೇ 7.2 ತೀವ್ರತೆಯ ಭೂಕಂಪ ಆದರೂ ಕಟ್ಟೆ ನಿಂತಿತು.

ಎಂಜಿನಿಯರುಗಳು ಕಟ್ಟೆಗಿಂತ ಜಾಸ್ತಿ ಹೆದರುವುದು ದಡದ ಬೆಟ್ಟಕ್ಕೆ. ಇನ್ನೊಂದು ಮಗ್ಗುಲು ಕುಸಿದು ಸರೋವರಕ್ಕೇ ಬಿದ್ದರೆ ಅಲೆ ಎದ್ದು ಕಟ್ಟೆಯ ಮೇಲೆ ಹಾರಬಹುದು. ಹಾಗಾದರೆ ಪೆಟ್ಟು ಮುರ್ಗಾಬಿಗಲ್ಲ, ಅದು ಮೇಲ್ಗಡೆ ಇದೆ. ಕೆಳಗಿನ ಬರ್ತಾಂಗ್ ಕಣಿವೆಯ ಹಳ್ಳಿಗಳಿಗೆ, ಆಮೇಲೆ ಪಂಜ್ ಮತ್ತು ಅಮು ದರಿಯಾ ನದಿಗಳ ದಡದ ಊರುಗಳಿಗೆ. ಅದಕ್ಕೇ ಅಲ್ಲಿ ಅಳತೆ ಯಂತ್ರಗಳನ್ನೂ ಕೆಳಗಿನ ಹಳ್ಳಿಗಳಿಗೆ ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನೂ ಇಟ್ಟಿದ್ದಾರೆ.

ಪ್ರಶ್ನೆ (ಎಚ್‌ಎಸ್‌ಆರ್ ಲೇಔಟಿನ ಬೈಕ್ ಪ್ರಿಯರು): ಲಡಾಖ್ ಆಯಿತು, ಮುಂದೆ ಇದೇ. ಹೋಗಬಹುದಾ?

ಉತ್ತರ: ಹೋಗಬಹುದು. ತಜಿಕಿಸ್ತಾನದ ವೀಸಾ ಜೊತೆ ಆ ಪ್ರಾಂತ್ಯಕ್ಕೆ ಬೇರೆ ಪರ್ಮಿಟ್ ಬೇಕು. ಕಿರ್ಗಿಸ್ತಾನದ ಕಡೆಯ ಗಡಿ 2021ರ ಘರ್ಷಣೆಯ ನಂತರ ಮುಚ್ಚಿಹೋಗಿತ್ತು, 2025ರ ಮಾರ್ಚ್‌ನಲ್ಲಿ ಎರಡೂ ದೇಶಗಳು ಗಡಿ ಒಪ್ಪಂದ ಮಾಡಿಕೊಂಡವು. ಹೊರಡುವ ಮುಂಚೆ ಆಗಿನ ಸ್ಥಿತಿ ವಿಚಾರಿಸಿಕೊಳ್ಳಿ. ಓಶ್ ಕಡೆಯಿಂದ ಒಂದೇ ದಿನದಲ್ಲಿ ಸಾವಿರ ಮೀಟರಿನಿಂದ 4,655 ಮೀಟರಿಗೆ ಏರುವ ಹುಚ್ಚು ಸಾಹಸ ಮಾಡಬೇಡಿ. ಮಧ್ಯೆ ಎಲ್ಲಾದರೂ ರಾತ್ರಿ ತಂಗಿ. ಮುರ್ಗಾಬಿನ ಬಜಾರು ಹಡಗಿನ ಕಂಟೇನರ್‌ಗಳ ಸಾಲು, ಸಮುದ್ರ ಎಷ್ಟೋ ದೂರ ಇದ್ದರೂ. ಆಕಾಶ ತಿಳಿಯಾಗಿದ್ದರೆ ಪೂರ್ವಕ್ಕೆ ಚೀನಾದ ಮುಜ್‌ತಾಗ್ ಅತಾ ಶಿಖರ, 7,546 ಮೀಟರ್, ಪೇಟೆಯಿಂದಲೇ ಕಾಣುತ್ತದೆ.

ಪ್ರಶ್ನೆ (ಹೆಬ್ಬಾಳದಿಂದ): ತಜಿಕಿಸ್ತಾನ ಚೀನಾಕ್ಕೆ ಭೂಮಿ ಬಿಟ್ಟುಕೊಟ್ಟಿತಂತೆ. ಈ ಜಿಲ್ಲೆಯದ್ದೇನಾ? ಹಳ್ಳಿಗಳೂ ಹೋದವಾ?

ಉತ್ತರ: ಈ ಜಿಲ್ಲೆಯದ್ದೇ. ಚೀನಾ ಒಟ್ಟು 28 ಸಾವಿರ ಚದರ ಕಿಲೋಮೀಟರ್ ತನ್ನದು ಅನ್ನುತ್ತಿತ್ತು. 2011ರ ಜನವರಿಯಲ್ಲಿ ತಜಿಕ್ ಸಂಸತ್ತು ಒಪ್ಪಿದ್ದು ಸುಮಾರು ಒಂದು ಸಾವಿರ ಚದರ ಕಿಲೋಮೀಟರ್. ದುಶಾಂಬೆಯ ಸರ್ಕಾರ ಇದನ್ನು ಗೆಲುವು ಅಂತಲೇ ಹೇಳಿಕೊಂಡಿತು, ಲೆಕ್ಕದ ಪ್ರಕಾರ ಅದು ತಪ್ಪೂ ಅಲ್ಲ. ನಾನು ಮೇಲೆ ಹೆಸರಿಸಿದ ಯಾವ ಊರೂ ಹೋಗಲಿಲ್ಲ. ಆದರೆ ಮನೆ ಇಲ್ಲದ ಜಾಗವೆಲ್ಲ ಬೇಡವಾದ ಜಾಗ ಅಂತ ರಾಜಧಾನಿಯಲ್ಲಿ ಕೂತವರಿಗೆ ಅನ್ನಿಸುತ್ತದೆ, ಹುಲ್ಲು ಹುಡುಕಿಕೊಂಡು ಹೋಗುವವರಿಗೆ ಹಾಗನ್ನಿಸುವುದಿಲ್ಲ. ಚೀನಾ ಕಡೆಗೆ 4,362 ಮೀಟರಿನ ಕುಲ್ಮಾ ಘಾಟಿ 2004ರಲ್ಲಿ ತೆರೆದ ಮೇಲೆ ಲಾರಿಗಳು ಮುರ್ಗಾಬ್ ಪೇಟೆ ಹಾದು ಹೋಗುತ್ತವೆ. ಡ್ರೈವರುಗಳ ಊಟ, ಟೈರು ರಿಪೇರಿ, ಒಂದಿಷ್ಟು ವ್ಯಾಪಾರ. ಪೇಟೆಯ ದಿಕ್ಕು ನಿಧಾನವಾಗಿ ಓಶ್‌ನಿಂದ ಚೀನಾದ ಕಾಶ್ಗರ್ ನಗರದ ಕಡೆ ತಿರುಗುತ್ತಿದೆ ಅಂತ ನನಗನ್ನಿಸುತ್ತದೆ.

ಪ್ರಶ್ನೆ (ಬಸವನಗುಡಿಯಿಂದ, ಸ್ವಲ್ಪ ಸಿಟ್ಟಿನಲ್ಲಿ): ನೀವು ಹೇಳಿದ ಊರುಗಳಿಗಿಂತ ಎಷ್ಟೋ ಜಾಸ್ತಿ ಹೆಸರುಗಳು ಹಳೇ ರಷ್ಯನ್ ಭೂಪಟದಲ್ಲಿವೆ. ಸ್ಯಾಟಲೈಟ್ ಚಿತ್ರದಲ್ಲಿ ಅದೇ ಜಾಗ ನೋಡಿದರೆ ಒಂದು ಮನೆಯೂ ಇಲ್ಲ. ಯಾವುದನ್ನು ನಂಬೋದು?

ಉತ್ತರ: ಎರಡನ್ನೂ ನಂಬಿ ಸಾರ್, ಸಿಟ್ಟು ಬೇಡ. ಸೋವಿಯತ್ ಸೈನ್ಯದ ಭೂಪಟದವರು ಚಳಿಗಾಲದ ಗುಡಿಸಲು, ಕಲ್ಲಿನ ದೊಡ್ಡಿ, ಹಳೇ ಸಮಾಧಿ, ರಸ್ತೆ ರಿಪೇರಿಯವರ ಶೆಡ್ಡು, ಯಾವುದನ್ನೂ ಬಿಡದೆ ಹೆಸರು ಹಾಕಿದರು. ಗುರುತಿಗೆ ಬೇರೇನೂ ಇಲ್ಲದ ಬಯಲಲ್ಲಿ ಅದೇ ದೊಡ್ಡ ಗುರುತು. ಅದರಲ್ಲಿ ಕೆಲವು ಈಗ ಬಿದ್ದುಹೋಗಿವೆ. ಇನ್ನು ಕೆಲವು ವರ್ಷದಲ್ಲಿ ಕೆಲವೇ ತಿಂಗಳು ಊರು. ಬೇಸಿಗೆ ಶುರುವಾಗುತ್ತಿದ್ದ ಹಾಗೆ ಕುಟುಂಬಗಳು ಹಿಂಡಿನ ಜೊತೆ ಎತ್ತರದ ಹುಲ್ಲುಗಾವಲಿಗೆ, ಅವರ ಮಾತಿನಲ್ಲಿ 'ಜೈಲೂ' ಅನ್ನುವ ಜಾಗಕ್ಕೆ ಹೊರಡುತ್ತವೆ. ಉಣ್ಣೆಯ ಕಂಬಳಿ ಹೊದಿಸಿದ ದುಂಡು ಡೇರೆ ಹಾಕಿಕೊಂಡು ಹಾಲು ಕರೆಯುವುದು, ಕುರುತ್ ಒಣಗಿಸುವುದು ಎಲ್ಲ ಅಲ್ಲೇ. ಚಳಿ ಬರುವ ಹೊತ್ತಿಗೆ ಇಳಿದು, ಮಕ್ಕಳು ಮುದುಕರು ಹಳ್ಳಿಗೆ, ದನ ನೋಡಿಕೊಳ್ಳುವವರು ಚಳಿಗಾಲದ ದೊಡ್ಡಿಗೆ. ಎಲ್ಲರೂ ಹೋಗುತ್ತಾರೆ ಅಂತಲ್ಲ. ದನ ಇಲ್ಲದವರು, ಡ್ರೈವರುಗಳು, ಸರ್ಕಾರಿ ಕೆಲಸದವರು ಪೇಟೆಯಲ್ಲೇ ಇರುತ್ತಾರೆ, ಎಷ್ಟೋ ಹುಡುಗರು ರಷ್ಯಾಕ್ಕೆ ದುಡಿಯೋಕೆ ಹೋಗಿದ್ದಾರೆ.

ಹಾಗಾಗಿ ಚಿತ್ರದಲ್ಲಿ ಮನೆ ಹುಡುಕಬೇಡಿ, ಹಸಿರು ಹುಡುಕಿ. ಶೈಮಾಕ್‌ನಿಂದ ಶುರು ಮಾಡಿ ಅಕ್ಸು ನದಿಯ ಉದ್ದಕ್ಕೂ ಬನ್ನಿ. ನೀರು ನಿಂತು ಜೌಗು ಆದ ಕಡೆ ಹಸಿರು ಪಟ್ಟಿ ಕಾಣುತ್ತದೆ, ಅದರ ಅಂಚಿನಲ್ಲಿ ಗುಡ್ಡದ ಮಗ್ಗುಲಿಗೆ ಒರಗಿಕೊಂಡು ಚೌಕವಾದ ಕಲ್ಲುಗೋಡೆ, ಒಳಗೆ ಗೊಬ್ಬರದಿಂದ ಕಪ್ಪಾದ ನೆಲ. ಅದು ದೊಡ್ಡಿ. ಅದಕ್ಕೆ ಹೊರಟ ಜೀಪಿನ ಗಾಲಿ ಗುರುತು ಎಷ್ಟು ಹೊಸದಾಗಿದೆ ಅಂತ ನೋಡಿದರೆ ಈಗಲೂ ಬಳಕೆಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಚಿತ್ರ ತೆಗೆದ ತಿಂಗಳನ್ನು ಮರೆಯದೆ ನೋಡಿ. ಜುಲೈ ಚಿತ್ರದಲ್ಲಿ ಡೇರೆಗಳು ಬಿಳಿ ಚುಕ್ಕಿಗಳಾಗಿ ಎಣಿಸೋಕೆ ಸಿಗುತ್ತವೆ, ಅದೇ ಜಾಗದ ಡಿಸೆಂಬರ್ ಚಿತ್ರದಲ್ಲಿ ಒಂದೂ ಇರುವುದಿಲ್ಲ.